ಹದಿಮೂರಕ್ಕೆ ಒಂಬತ್ತು

ಎರಡನೇ ಶನಿವಾರ, ಕಚೇರಿಗೆ ರಜೆ. ಅಂಗಿಯ ಗುಂಡಿ ಒಂದು ಕಿತ್ತಿತ್ತು ಎಂಬ ಕಾರಣಕ್ಕೆ ಚೆಲುವರಾಜು ಹೆಂಡತಿಯ ಜುಟ್ಟು ಹಿಡಿದು, ಹಿತ್ತಲ ಅಂಗಳದ ಒಗೆಯುವ ಕಲ್ಲಿಗೆ ಅವಳ ಹಣೆ ಬಡಿದ. ಮೊದಲ ಸಲ ಬಡಿದಾಗ ಹೇಮಲತಾಗೆ ಸದ್ದು ಮಾತ್ರ ಕೇಳಿಸಿತು, ನೋವು ತಿಳಿಯಲಿಲ್ಲ. ಎರಡನೇ ಸಲಕ್ಕೆ ಅವನು ಅವಳ ತಲೆ ಎತ್ತಿದಾಗ ಮೇಲಿನಿಂದ ಮಾತು ಬಿತ್ತು.

"ಚೆಲುವರಾಜಪ್ಪಾ, ಜುಟ್ಟು ಬುಡು. ನಾನಿಲ್ಲೇ ಇವ್ನಿ."

ಪಕ್ಕದ ಮನೆಯ ಗುರುಬಸಮ್ಮ. ಅವರದು ಎರಡಂತಸ್ತಿನ ಮನೆ; ಮಾಳಿಗೆಯ ಮೋಟುಗೋಡೆಗೆ ಒರಗಿ ನಿಂತರೆ ಈ ಅಂಗಳ ತಟ್ಟೆಯಲ್ಲಿಟ್ಟ ಹಾಗೆ ಕಾಣುತ್ತಿತ್ತು. ಮೆಣಸಿನಕಾಯಿ ಹರವುವ ನೆಪದಲ್ಲಿ ಆಕೆ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಬರುತ್ತಿದ್ದಳು. ಚೆಲುವರಾಜು ಕೈ ಬಿಟ್ಟ. ಮುಖದ ಮೇಲೆ ನಗೆ ತಂದುಕೊಂಡ.

"ಏನಿಲ್ಲ ಗುರುಬಸಮ್ಮೋರೆ, ಪಾಚಿ ಕಟ್ಟದೆ, ಜಾರುದ್ಲು."

"ಜಾರಿದ್ನೂ ಕಂಡೆ, ಜಾರ್ಸಿದ್ನೂ ಕಂಡೆ. ನೀರು ಕೊಡು ಅವ್ಳಿಗೆ."

ಅವನು ಒಳಗೆ ಹೋಗಿ ನೀರು ತಂದುಕೊಟ್ಟ. ಲೋಟ ಹಿಡಿದುಕೊಂಡ ಹೇಮಲತಾ ಮೇಲೆ ನೋಡಲಿಲ್ಲ; ನೋಡಿದರೆ ಅದಕ್ಕೂ ಆಮೇಲೆ ಏಟು ಬೀಳುತ್ತದೆ ಎಂದು ಅವಳಿಗೆ ಗೊತ್ತಿತ್ತು. ಹನ್ನೊಂದು ವರ್ಷದಲ್ಲಿ ಅವಳು ಕಲಿತದ್ದು ಇಷ್ಟು. ಆ ಗಂಡಸಿಗೆ ದೇವರ ಭಯವಿಲ್ಲ, ಪೊಲೀಸರ ಭಯವಿಲ್ಲ. ತಾಲ್ಲೂಕು ಕಚೇರಿಯ ಗುಮಾಸ್ತನಾದ ತನ್ನನ್ನು ಬೀದಿಯವರು ನೋಡಿಬಿಟ್ಟಾರು ಎಂಬ ಭಯ ಒಂದಿದೆ. ಒಳಗೆ ಹೊಡೆದರೆ ಸದ್ದು ಬೀದಿಗೆ ಕೇಳೀತೆಂದು ಹಿತ್ತಲಿಗೇ ಎಳೆದು ತರುತ್ತಿದ್ದ. ನಂಜನಗೂಡಿನ ಆ ಬೀದಿಯಲ್ಲಿ ಅವಳನ್ನು ಉಳಿಸಿದ್ದು ಒಬ್ಬ ಮುದುಕಿಯ ಎರಡು ಕಣ್ಣು. ದೇವನೂರಿನ ತವರಿನಲ್ಲಿ ಅಣ್ಣನಿಗೆ ಹೇಳಿದಾಗ "ಹೊಂದ್ಕಂಡು ಹೋಗು" ಎಂದಿದ್ದ. ಮಾವ ಬೆಟ್ಟಯ್ಯ ಕೈ ಎತ್ತಿದವನಲ್ಲ, ಎತ್ತಿದ ಕೈ ಹಿಡಿದವನೂ ಅಲ್ಲ.

ಮರುದಿನವೇ ಚೆಲುವರಾಜು ಟಿ. ನರಸೀಪುರದಿಂದ ಅಮೃತೇಶ್ ಎಂಬುವನನ್ನು ಕರೆಸಿದ. ಅಂಗಡಿ ಮುಂದೆ, ಹೋಟೆಲ್ ಮುಂದೆ ಹೊರಚಾಚಿ ಬೇಕೆಂದಾಗ ಸುತ್ತಿಕೊಳ್ಳುವ ಬಟ್ಟೆಯ ಚಪ್ಪರ ಹಾಕಿಕೊಡುವವನು ಅವನು. ಅದಕ್ಕೆ ಆನಿಂಗ್ ಎನ್ನುತ್ತಿದ್ದ. ಟೇಪು ಹಿಡಿದು ಅಂಗಳಕ್ಕೆ ಇಳಿದವನು ಸುತ್ತ ನೋಡಿ ತಲೆ ಕೆರೆದುಕೊಂಡ.

"ಸಾ, ಇದು ಉತ್ತರದ ಅಂಗಳ. ಪಡುವಲಿಗೆ ಆ ದೊಡ್ಡ ಮನೆ ಗೋಡೆ. ಬಿಸ್ಲು ಬರೋದೇ ಅರ್ಧ ಗಂಟೆ. ಆನಿಂಗ್ ಯಾತಕ್ಕೆ?"

"ಬಿಸ್ಲಿಗಲ್ಲ ಕಣ್ರೀ. ಮನೆ ಅಂದ್ಮೇಲೆ ಒಂದು ಮರೆ ಬೇಡ್ವ? ಮೇಲಿಂದ ಕಂಡೋರು ಬಗ್ಗಿ ಬಗ್ಗಿ ನೋಡ್ತಾರೆ."

ಮಾಳಿಗೆಯ ಮೇಲಿಂದ ಮೆಣಸಿನಕಾಯಿ ಕೊಡವಿದ ಸದ್ದು ಬಂತು. "ಕಂಡೋರು ಇಲ್ಲೇ ಅವ್ರೆ, ಅಳುದ್ಕಳಪ್ಪ, ಅಳುದ್ಕೊ" ಎಂದಳು ಗುರುಬಸಮ್ಮ.

ಅಮೃತೇಶ್ ನಕ್ಕ, ಮನೆಯವರು ನಗದಿದ್ದುದನ್ನು ಕಂಡು ಟೇಪು ಬಿಚ್ಚಿದ. ಟೇಪಿನ ತುದಿ ಹಿಡಿಯಲು ಹೇಮಲತಾಳನ್ನು ಕರೆದರು. ಅವಳ ಹಣೆಯ ಬಾವು ಅವನ ಕಣ್ಣಿಗೆ ಬಿತ್ತು. ಆಮೇಲೆ ಅವನು ಅವಳ ಮುಖದ ಕಡೆ ನೋಡಲೇ ಇಲ್ಲ. ಎಡಗೋಡೆಯಿಂದ ಬಲಗೋಡೆಗೆ ಹದಿಮೂರು ಅಡಿ. ಮನೆಯ ಗೋಡೆಯಿಂದ ಕಾಂಪೌಂಡಿಗೆ ಹನ್ನೆರಡು. ಇಟ್ಟಿಗೆಗೆ ಮೊಳೆ ಹೊಡೆದರೆ ಒಂದು ಗಾಳಿಗೆ ಕಿತ್ತು ಬರುತ್ತದೆ, ಬಾಗಿಲ ಮೇಲಿನ ಕಾಂಕ್ರೀಟು ತೊಲೆಗೇ ಬೋಲ್ಟು ಕೊಡಬೇಕು ಎಂದ ಅವನು. ಗೋಡೆಯ ಹತ್ತಿರ ಒಂಬತ್ತು ಅಡಿ ಎತ್ತರ, ತುದಿಯಲ್ಲಿ ಏಳೂವರೆ. ಇಳಿಜಾರಿಲ್ಲದಿದ್ದರೆ ಮಳೆನೀರು ಮಡುವಾಗಿ ನಿಂತು ಬಟ್ಟೆ ಜೋತುಬೀಳುತ್ತದೆ.

"ಹನ್ನೆರಡಕ್ಕೆ ಹನ್ನೆರಡೂ ಮುಚ್ಚಬೇಕು. ಕಾಂಪೌಂಡ್‌ಗೆ ತಾಗೋ ಹಂಗೆ" ಎಂದ ಚೆಲುವರಾಜು.

"ಅಗಲ ಹದ್ಮೂರು ಅದಲ್ಲ, ಹನ್ನೆರಡು ಬತ್ತದೆ ಸಾ. ಅದರ ಮೇಲೆ ಆಗಕ್ಕಿಲ್ಲ. ಎರಡು ತೋಳು ಮಡಚಿ ಒಂದರ ಪಕ್ಕ ಒಂದು ಕೂರಬೇಕು ನೋಡಿ, ಅಗಲಕ್ಕಿಂತ ಉದ್ದ ಚಾಚಕ್ಕಾಗಲ್ಲ."

ಹೇಮಲತಾ ಟೇಪಿನ ತುದಿ ಹಿಡಿದು ಕಾಂಪೌಂಡಿನ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಹನ್ನೆರಡು ಎಂದರೆ ಆಕಾಶವೇ ಉಳಿಯುವುದಿಲ್ಲ. ಬಟ್ಟೆಯ ಕೆಳಗೆ ಅವನು, ಅವಳು, ಒಗೆಯುವ ಕಲ್ಲು. ಶಿವನೇ, ಎಂದುಕೊಂಡಳು.

ಆಗ ಹಿತ್ತಲ ಜಗಲಿಯಿಂದ ಬೆಟ್ಟಯ್ಯ ಕೇಳಿದ. "ಆಯ ಏನ್ ಬತ್ತದ್ಲಾ?"

ಅಮೃತೇಶ್‌ಗೆ ಅರ್ಥವಾಗಲಿಲ್ಲ. ಆ ಮನೆಯಲ್ಲಿ ಆಯ ನೋಡದೆ ಕೋಳಿಗೂಡನ್ನೂ ಕಟ್ಟಿರಲಿಲ್ಲ. ಉದ್ದಗಲ ಗುಣಿಸಿ, ಒಂಬತ್ತರಿಂದ ಗುಣಿಸಿ, ಎಂಟರಿಂದ ಭಾಗಿಸಿ ಉಳಿದದ್ದು ನೋಡಬೇಕು; ಒಂದು ಉಳಿದರೆ ಧ್ವಜ, ಎರಡಕ್ಕೆ ಧೂಮ, ಮೂರಕ್ಕೆ ಸಿಂಹ, ನಾಲ್ಕಕ್ಕೆ ಶ್ವಾನ, ಐದಕ್ಕೆ ವೃಷಭ, ಆರಕ್ಕೆ ಖರ, ಏಳಕ್ಕೆ ಗಜ, ಏನೂ ಉಳಿಯದಿದ್ದರೆ ಕಾಕ. ಬೆಸ ಉಳಿದರೆ ಶುಭ, ಸರಿ ಉಳಿದರೆ ಅಶುಭ. ಚೆಲುವರಾಜುವಿಗೆ ಬಡ್ತಿ ಎರಡು ಸಲ ತಪ್ಪಿದಾಗ, ಮುಂಬಾಗಿಲಿನ ಕೋಣೆ ಧೂಮಾಯದಲ್ಲಿದೆ ಎಂದು ಗೋಡೆ ಒಡೆಸಿ ಆರು ಅಂಗುಲ ಸರಿಸಿದ್ದರು. ಮರುವರ್ಷ ಬಡ್ತಿ ಬಂತು. ಅಂದಿನಿಂದ ಅವನು ಅಪ್ಪನಿಗಿಂತ ಹೆಚ್ಚು ನಂಬುತ್ತಿದ್ದ.

"ಬಟ್ಟೆಗೂ ಆಯವೇ ಯಜಮಾನ್ರೆ?" ಎಂದ ಅಮೃತೇಶ್.

"ಮನೆಗೆ ಅಂಟ್ಕಂಡ್ ಮ್ಯಾಲೆ ಅದೂ ಮನೆಯೇ ಕಣಪ್ಪ. ಹೇಮಾ, ಹೇಳವ್ವಾ ನಿಮ್ಮಪ್ಪನ ಲೆಕ್ಕ."

ಅವಳ ಅಪ್ಪ ಚಲುವಯ್ಯ ದೇವನೂರಿನ ಗಾರೆ ಕೆಲಸದವನು. ಸತ್ತು ಆರು ವರ್ಷವಾಗಿತ್ತು. ಅವನು ಆಯವನ್ನು ಬರೆಯುತ್ತಿರಲಿಲ್ಲ, ಹಾಡಿಕೊಳ್ಳುತ್ತಿದ್ದ. ದಾರ ಹಿಡಿದು ಪಾಯದ ಸುತ್ತ ನಡೆಯುತ್ತ, ರಾಗ ಎಳೆದು, ಉಳಿಕೆಯ ಹೆಸರಿನ ಮೇಲೆ ದನಿ ನಿಲ್ಲಿಸುತ್ತಿದ್ದ. ಅವನ ಹಿಂದೆ ಗೋಡೆಯ ನೇರ ನೋಡುವ ತೂಗುಗುಂಡು ಹಿಡಿದು ನಡೆದ ಮಗಳಿಗೆ ಓದು ಬರುವ ಮೊದಲೇ ಅದು ಬಾಯಿಗೆ ಬಂದಿತ್ತು. ಆ ಹಾಡಿನಲ್ಲಿ ಸುಳ್ಳು ನುಡಿದರೆ ಕಟ್ಟಿದ್ದು ಬೀಳುತ್ತದೆ ಎಂದು ಅಪ್ಪ ಹೇಳುತ್ತಿದ್ದ.

ಹೇಮಲತಾ ಎದ್ದು ನಿಂತು ಸೆರಗು ಹೊದ್ದುಕೊಂಡಳು. ತುಟಿಯೊಳಗೇ ಹಾಡಿಕೊಂಡಳು.

"ಹದ್ಮೂರಕ್ಕೆ ಹನ್ನೆರಡು. ನಾಲ್ಕು ಉಳೀತದೆ ಮಾವ. ಶ್ವಾನ."

"ಥೂ" ಎಂದ ಬೆಟ್ಟಯ್ಯ. "ನಾಯಿ ನೆಳ್ಳಲ್ಲಿ ಕೂರಕ್ಕಾದದ?"

"ಹನ್ನೊಂದು ನೋಡು" ಎಂದ ಚೆಲುವರಾಜು.

ಹನ್ನೊಂದಕ್ಕೆ ಏಳು ಉಳಿಯುತ್ತದೆ. ಗಜ. ಒಳ್ಳೆಯದು. ಅವಳಿಗೆ ಅಪ್ಪನ ದನಿ ಆ ಹೆಸರಿನ ಮೇಲೆ ನಿಂತದ್ದು ಕೇಳಿಸಿತು. ಹನ್ನೊಂದಾದರೆ ಕಾಂಪೌಂಡಿನ ಬುಡದಲ್ಲಿ ಉಳಿಯುವುದು ಒಂದಡಿ. ಬೆಕ್ಕು ಮಲಗಬಹುದು, ಮನುಷ್ಯರು ಕಾಣುವುದಿಲ್ಲ.

"ಆರು" ಎಂದಳು. "ಖರ."

ಯಾರಾದರೂ ಎಣಿಸಿ ನೋಡುವ ಮೊದಲೇ ಮುಂದುವರಿಸಿದಳು.

"ಹತ್ತಕ್ಕೆ ಎರಡು, ಧೂಮ. ಒಂಬತ್ತಕ್ಕೆ ಐದು ಮಾವ. ವೃಷಭ."

ಬೆಟ್ಟಯ್ಯ ಎರಡೂ ಕೈ ಎತ್ತಿ ದೇವಸ್ಥಾನದ ದಿಕ್ಕಿಗೆ ಮುಗಿದ. "ಬಸವ. ನಂಜುಂಡಪ್ಪನ ವಾಹನ. ಮಾತೇ ಇಲ್ಲ, ಒಂಬತ್ತೇ ಆಕ್ಸು."

"ಮೂರಡಿ ಬಯಲು ಉಳೀತದಲ್ಲ" ಎಂದ ಚೆಲುವರಾಜು. ಅವನು ಅವಳನ್ನೇ ನೋಡುತ್ತಿದ್ದ. "ಅಲ್ಲಿಗೆ ಒಂದು ಶೀಟು ಎಳುದ್ರಾಯ್ತು."

"ಸೇರ್ಸುದ್ರೆ ಮತ್ತೆ ಹನ್ನೆರಡೇ ಆಯ್ತಲ್ಲಲಾ, ನಾಯಿಯೇ ಬತ್ತದೆ" ಎಂದ ಬೆಟ್ಟಯ್ಯ. ಅಲ್ಲಿಗೆ ಮಾತು ಮುಗಿಯಿತು. ಅಮೃತೇಶ್ ಪುಸ್ತಕದಲ್ಲಿ ಹದಿಮೂರಕ್ಕೆ ಒಂಬತ್ತು ಎಂದು ಬರೆದುಕೊಂಡ.

ಬಟ್ಟೆ ಆರಿಸಲು ಬುಧವಾರ ಸಂಜೆ ಟಿ. ನರಸೀಪುರಕ್ಕೆ ಹೋದರು. ಅಂಗಡಿಯಲ್ಲಿ ಅಮೃತೇಶನ ಹೆಂಡತಿ ವನಿತಾ ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಮಾದರಿ ತುಂಡುಗಳನ್ನು ಮೇಜಿನ ಮೇಲೆ ಹರಡಿದರು. ಅಕ್ರಿಲಿಕ್ ಬಟ್ಟೆಗೆ ಗಾಳಿಯಾಡುತ್ತದೆ, ಬಣ್ಣ ಹೋಗುವುದಿಲ್ಲ. ಪಿವಿಸಿ ಮೆತ್ತಿದ್ದು ಭಾರ, ಮಳೆಗೆ ಒಳ್ಳೆಯದು, ಬೆಳಕೂ ಬಿಡುವುದಿಲ್ಲ. ಮೋಟಾರು ಬೇಕೋ ಕೈಯಲ್ಲಿ ತಿರುವುವ ಹ್ಯಾಂಡಲ್ ಸಾಕೋ ಎಂದು ಅಮೃತೇಶ್ ಕೇಳಿದ. "ಕರೆಂಟು ಹೋದ್ರೆ? ಹ್ಯಾಂಡಲ್ ಇರ್ಲಿ" ಎಂದ ಚೆಲುವರಾಜು. ಆಷಾಢದ ಗಾಳಿಗೆ ಮಾತ್ರ ಚಾಚಿ ಬಿಡಬೇಡಿ, ತೋಳಿನ ಒಳಗಿನ ಸ್ಪ್ರಿಂಗು ಹೋಗುತ್ತದೆ ಎಂದು ಅಮೃತೇಶ್ ಎಚ್ಚರಿಸಿದ.

ಚೆಲುವರಾಜು ಕಡುಹಸಿರಿನ ಪಿವಿಸಿ ತುಂಡೊಂದನ್ನು ಬಾಗಿಲ ಬೆಳಕಿಗೆ ಎತ್ತಿ ಹಿಡಿದ. "ಹಿಂದೆ ಕೈ ಇಡು" ಎಂದ ಹೆಂಡತಿಗೆ.

ಅವಳು ಇಟ್ಟಳು. ಬಟ್ಟೆಯ ಹಿಂದೆ ಅವನ ಇನ್ನೊಂದು ಕೈ ಬಂತು. ಅವಳ ಕಿರುಬೆರಳನ್ನು ಹಿಡಿದು ಹಿಂದಕ್ಕೆ ಬಾಗಿಸತೊಡಗಿತು.

"ಕಾಣ್ತದೇನ್ರೀ?" ಎಂದು ಅಮೃತೇಶನನ್ನು ಕೇಳಿದ.

"ಏನೂ ಕಾಣಲ್ಲ ಸಾ. ದಪ್ಪ ಅದೆ."

ಬೆರಳು ಇನ್ನಷ್ಟು ಬಾಗಿತು. ಹೇಮಲತಾ ಹಲ್ಲು ಕಚ್ಚಿಕೊಂಡಳು. ಗೆಣ್ಣಿನಲ್ಲಿ ಏನೋ ಚಿಟಕ್ಕೆಂದಿತು. ಯಂತ್ರದ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

"ಇದೇ ಇರ್ಲಿ" ಎಂದ ಚೆಲುವರಾಜು.

ಕಾರು ಹತ್ತುವಾಗ ವನಿತಾ ಹಿಂದೆ ಓಡಿಬಂದು, "ಅಕ್ಕಾ, ಬೆರಳು ಊದ್ಕತಾ ಅದೆ" ಎಂದಳು. "ಬಾಗ್ಲಿಗೆ ಸಿಕ್ತು" ಎಂದ ಚೆಲುವರಾಜು, ಹೇಮಲತಾ ಬಾಯಿ ತೆರೆಯುವ ಮೊದಲೇ.

ಹತ್ತು ದಿನಕ್ಕೆ ಚಪ್ಪರ ಬಂತು. ಇಬ್ಬರು ಆಳುಗಳು ತೊಲೆ ಕೊರೆದು ಬೋಲ್ಟು ಬಿಗಿದರು. ಹ್ಯಾಂಡಲ್ ಎಂದರೆ ಐದಡಿಯ ಕಬ್ಬಿಣದ ಕೋಲು, ತುದಿಗೆ ಕೊಕ್ಕೆ. ಕೊಕ್ಕೆಯನ್ನು ಮೇಲಿನ ಬಳೆಗೆ ಸಿಕ್ಕಿಸಿ ತಿರುವಿದರೆ ಕರಕರ ಸದ್ದು ಮಾಡುತ್ತ ಎರಡು ತೋಳುಗಳು ಮೊಣಕೈ ಬಿಡಿಸಿ ಮುಂದಕ್ಕೆ ಬರುತ್ತಿದ್ದವು. ಅಂಗಳಕ್ಕೆ ಹಸಿರು ಕತ್ತಲೆ ಇಳಿಯಿತು. ಕಾಂಪೌಂಡಿನ ಬುಡದಲ್ಲಿ ಮೂರಡಿ ಬೆಳಕು ಉಳಿಯಿತು.

ಮುಂದಿನ ಮೂರು ವಾರ ಅವನು ಹೊಡೆಯುವ ಮೊದಲು ಚಪ್ಪರ ಬಿಚ್ಚುತ್ತಿದ್ದ. ಅವಸರವಿರಲಿಲ್ಲ. ಹ್ಯಾಂಡಲ್ ಸಿಕ್ಕಿಸಿ ಇಪ್ಪತ್ತೆರಡು ಸುತ್ತು ತಿರುವುವ ತನಕ ಅವಳು ಗೋಡೆಗೆ ಒರಗಿ ನಿಂತಿರಬೇಕು. ಬೆಟ್ಟಯ್ಯ ಆ ಸದ್ದಿಗೇ ಎದ್ದು ಒಳಗೆ ಹೋಗಿ ಟಿವಿಯ ಭಕ್ತಿಗೀತೆಯ ದನಿ ಏರಿಸುತ್ತಿದ್ದ. ಮೊದಲ ಸಲ ಒದೆ ಬಿದ್ದದ್ದು ಸೊಂಟಕ್ಕೆ. ಅವಳು ಉರುಳಿಕೊಂಡು ಆ ಮೂರಡಿಯ ಬೆಳಕಿಗೆ ಬಂದು ಕೂತಳು. ಮೇಲೆ ಗುರುಬಸಮ್ಮ ಇದ್ದಳು. ಜೋರಾಗಿ ಕೆಮ್ಮಿದಳು. ಅವನು ಒಳಗೆ ಹೋದ. ಎರಡನೇ ಸಲ ತುಟಿ ಹರಿದಿತ್ತು. ಅಂದೂ ಬೆಳಕಿಗೆ ಬಂದಳು, ಅಂದೂ ಉಳಿದಳು. ಚಪ್ಪರದ ಅಂಚಿನಲ್ಲಿ ನಿಂತು ಅವನು ಆ ಮೂರಡಿಯನ್ನು ಅಳೆಯುವವನಂತೆ ನೋಡಿದ್ದನ್ನು ಅವಳು ಗಮನಿಸಿದಳು.

ನಾಲ್ಕನೇ ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಿದ್ದರು. ಬೆಟ್ಟಯ್ಯ ಬೆಳಿಗ್ಗೆಯಿಂದ ಜಗಲಿಯಲ್ಲಿ ಹುಣಿಸೆಬೀಜ ಗುಡ್ಡೆ ಹಾಕಿಕೊಂಡು ಎಂಟೆಂಟಾಗಿ ವಿಂಗಡಿಸುತ್ತಿದ್ದ. ಮಗನ ತಟ್ಟೆಗೆ ಮುದ್ದೆ ಬಿದ್ದಾಗ, ತಾನೇನೋ ಸಂತೋಷದ ಸುದ್ದಿ ತಂದವನಂತೆ ಹೇಳಿದ.

"ಲೇ ಚೆಲುವ, ಹನ್ನೊಂದೂ ಸರಿಯಾಗೇ ಇತ್ತು ಕಣ್ಲಾ. ಮೂರ್ ಸಲ ಎಣಿಸ್ದೆ. ಏಳೇ ಉಳೀತದೆ. ಗಜಾಯ. ಪಾಪ, ಹೇಮಾ ಲೆಕ್ಕ ತಪ್ಪವ್ಳೆ."

ಚೆಲುವರಾಜು ಉಣ್ಣುವುದನ್ನು ನಿಲ್ಲಿಸಿದ. ಎಡಗೈಯಲ್ಲಿ ಫೋನು ತೆಗೆದು ತಾನೇ ಗುಣಿಸಿದ, ಭಾಗಿಸಿದ. ಕೈ ತೊಳೆದುಕೊಂಡ. ಟವೆಲಿನಲ್ಲಿ ಬೆರಳು ಬೆರಳಾಗಿ ಒರೆಸಿಕೊಂಡ.

"ಹಿತ್ತಲಿಗೆ ಬಾ" ಎಂದ.

"ಉಣ್ಲಾ ಮೊದ್ಲು" ಎಂದ ಬೆಟ್ಟಯ್ಯ. ಆಮೇಲೆ ಮಗನ ಮುಖ ಕಂಡು ರಿಮೋಟು ಹುಡುಕಿದ.

ಕರಕರ ಸದ್ದು ಶುರುವಾಯಿತು. ಹೇಮಲತಾ ಗೋಡೆಗೆ ಒರಗಿ ನಿಂತು ಸುತ್ತು ಎಣಿಸಿದಳು. ಇಪ್ಪತ್ತೆರಡಾಯಿತು. ಎಂದಿನಂತೆ ಅವನು ಕೋಲನ್ನು ಬಳೆಯಿಂದ ಬಿಡಿಸಿದ; ಎಂದಿನಂತೆ ಗೋಡೆಗೆ ಒರಗಿಸಿಡಲಿಲ್ಲ. ಅವಳಿಗೂ ಬೆಳಕಿಗೂ ನಡುವೆ ಬಂದು ನಿಂತ.

"ಗೊತ್ತಿದ್ದೇ ಹೇಳ್ದಾ?"

ಇಲ್ಲ ಎನ್ನಬಹುದಿತ್ತು. ತಪ್ಪಾಯಿತು ಎಂದರೆ ಎರಡೇಟು ಕಡಿಮೆಯಾಗುತ್ತಿತ್ತೋ ಏನೋ. ಆದರೆ ಅಪ್ಪನ ಹಾಡಿಗೆ ಬೆರೆಸಿದ ಸುಳ್ಳು ಐದು ವಾರದಿಂದ ಅವಳ ಎದೆಯಲ್ಲಿ ಕಲ್ಲಾಗಿ ಕೂತಿತ್ತು. ಅದರ ಮೇಲೆ ಇನ್ನೊಂದು ಹೇರಲು ಅವಳಿಂದಾಗಲಿಲ್ಲ.

"ಗೊತ್ತಿದ್ದೇ ಹೇಳ್ದೆ."

ಮೊದಲ ಏಟು ಭುಜಕ್ಕೆ. ಎರಡನೆಯದು ಅವಳು ಅಡ್ಡ ಹಿಡಿದ ಎಡಗೈಗೆ. ಮುಂಗೈ ಮೂಳೆ ಮುರಿದದ್ದು ಹಸಿ ಕಡ್ಡಿ ಮುರಿದ ಹಾಗೆ ಕೇಳಿಸಿತು. ಅವಳು ಕುಸಿದಳು. ಮೂರನೆಯದು ಬೆನ್ನಿಗೆ, ನಾಲ್ಕನೆಯದು ಮತ್ತೆ ಬೆನ್ನಿಗೆ. ಅವನು ಮಾತಾಡುತ್ತಿರಲಿಲ್ಲ; ಒಕ್ಕಣೆ ಮಾಡುವವನಂತೆ ಪ್ರತಿ ಏಟಿಗೂ ಉಸಿರು ಬಿಡುತ್ತಿದ್ದ. ಒಳಗಿನಿಂದ ಭಕ್ತಿಗೀತೆಯ ತಾಳ ಬರುತ್ತಿತ್ತು. ಅವಳು ಅವನ ಕಾಲುಗಳ ನಡುವಿನಿಂದ ಬೆಳಕು ಕಂಡಳು. ಮುರಿದ ಕೈಯನ್ನು ಹೊಟ್ಟೆಗೆ ಒತ್ತಿಕೊಂಡು, ಒಂದು ಮೊಣಕೈಯ ಮೇಲೆ ತೆವಳಿದಳು. ಅವನು ಜಡೆ ಹಿಡಿದು ಹಿಂದಕ್ಕೆಳೆದ. ಅವಳು ಅವನ ಪಾದ ಕಚ್ಚಿದಳು. ಬಾಯಿಗೆ ಉಪ್ಪು ಬರುವ ತನಕ ಬಿಡಲಿಲ್ಲ. ಅವನು ಕೂಗಿಕೊಂಡು ಜಡೆ ಬಿಟ್ಟ. ಅವಳು ಬೆಳಕಿಗೆ ಬಿದ್ದಳು. ಅಂಗಾತ ತಿರುಗಿ ಮೇಲೆ ನೋಡಿದಳು.

ಮಾಳಿಗೆಯ ಮೇಲೆ ಯಾರೂ ಇರಲಿಲ್ಲ.

ಮೋಟುಗೋಡೆ ಇತ್ತು. ಅದರಾಚೆ ಬರೀ ಆಕಾಶ. ಚೆಲುವರಾಜೂ ಮೇಲೆ ನೋಡಿದ. ಮತ್ತೊಮ್ಮೆ ನೋಡಿ ಖಾತ್ರಿ ಮಾಡಿಕೊಂಡ. ಕುಂಟುತ್ತ ಚಪ್ಪರದ ಅಂಚು ದಾಟಿ, ಮೊದಲ ಸಲ ಆ ಮೂರಡಿಯೊಳಕ್ಕೆ ಕಾಲಿಟ್ಟ. ಕೋಲನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿದ. ಈ ಏಟು ಬೆನ್ನಿಗಲ್ಲ ಎಂದು ಅವಳಿಗೆ ತಿಳಿಯಿತು.

ಆಗ ಮುಂಬಾಗಿಲು ದಡದಡ ಬಡಿದ ಸದ್ದಾಯಿತು.

"ಬೆಟ್ಟಯ್ಯಾ, ಬಾಗ್ಲು ತಗೀ. ನಾನು ಗುರುಬಸಮ್ಮ. ಮೇಲಿಂದ ಕೂಗಿ ಸಾಕಾಗದೆ. ಆ ರಾಟೆ ಸದ್ದು ಕೇಳ್ತಿದ್ದಂಗೇ ಇಳುದ್ಬಂದೆ. ನಾಕ್ ಜನ ಕರ್ಕಬಂದಿವ್ನಿ, ತಗೀ."

"ಏನೂ ಇಲ್ಲ ಕಣವ್ವಾ, ಓಗು" ಎಂದ ಬೆಟ್ಟಯ್ಯನ ದನಿ ಬಂತು, ಬಾಗಿಲಿಗೆ ಬಾಯಿ ಒತ್ತಿ ಮಾತಾಡಿದ ಹಾಗೆ. "ಊಟ ಮಾಡ್ತಾ ಇವ್ವಿ."

ಚೆಲುವರಾಜು ಆ ಕಡೆ ತಿರುಗಿದ. ಎತ್ತಿದ ಕೈ ಎತ್ತಿದಂತೆಯೇ ಇತ್ತು, ಕಣ್ಣು ಮಾತ್ರ ಮನೆಯ ಕಡೆಗಿತ್ತು. ಹೇಮಲತಾ ಒದ್ದಳು. ಯೋಚಿಸಿ ಒದ್ದದ್ದಲ್ಲ, ಕಚ್ಚಿದ ಪಾದದ ಮೇಲೆಯೇ ಹಿಮ್ಮಡಿ ಬಿತ್ತು. ಅವನು ಪಕ್ಕಕ್ಕೆ ವಾಲಿದ, ಕೋಲು ಕಾಂಪೌಂಡಿಗೆ ಬಡಿದು ಕೈಯಿಂದ ಜಾರಿತು. ಅವಳ ಬಲಗೈ ಅದನ್ನು ಹಿಡಿದುಕೊಂಡಿತು. ಅವನು ಬಗ್ಗುವಷ್ಟರಲ್ಲಿ ಅವಳು ಮಂಡಿಯೂರಿ ಎದ್ದು ಬೀಸಿದಳು. ಮೊಣಕಾಲ ಚಿಪ್ಪಿಗೆ ತಗುಲಿತು. ಅವನು ಕುಕ್ಕರಿಸಿದ.

"ಹೇಮಾ" ಎಂದ. ಹನ್ನೊಂದು ವರ್ಷದಲ್ಲಿ ಆ ಹೆಸರನ್ನು ಅವನು ಹಾಗೆ ಕರೆದದ್ದು ಅದೇ ಮೊದಲು. ಅವಳು ಎರಡನೇ ಸಲ ಬೀಸಿದಳು. ಅಡ್ಡ ಬಂದ ಅವನ ಕೈಗೆ ಬಿತ್ತು. ಅವನು ಅಂಗೈ ತೋರಿಸುತ್ತ ಹಿಂದಕ್ಕೆ ಸರಿದು ಚಪ್ಪರದ ಕೆಳಗಾದ. ಅಲ್ಲಿಗೆ ನಿಲ್ಲಿಸಬಹುದಿತ್ತು. ಅವಳು ಮೂರನೇ ಸಲವೂ ಹೊಡೆದಳು, ದವಡೆಗೆ. ಕೊಕ್ಕೆ ಕೆನ್ನೆಯನ್ನು ಸೀಳಿತು. ಅವನು ಹಾಸುಗಲ್ಲಿನ ಮೇಲೆ ಮಗ್ಗುಲಾಗಿ ಬಿದ್ದು, ಬಾಯಿಂದ ರಕ್ತದ ನೊರೆ ಬಿಡುತ್ತ ಉಸಿರಾಡುತ್ತಿದ್ದ. ಉಸಿರಾಡುತ್ತಿದ್ದಾನೆ ಎಂಬುದನ್ನು ಅವಳು ನಿಂತು ನೋಡಿಕೊಂಡಳು.

ಅಡುಗೆಮನೆ ದಾಟಿದಳು. ನಡುಮನೆಯಲ್ಲಿ ತಟ್ಟೆಗಳು ಹಾಗೇ ಇದ್ದವು, ಮುದ್ದೆಯ ಮೇಲೆ ಸಾರು ಕೆನೆಗಟ್ಟಿತ್ತು. ಬೆಟ್ಟಯ್ಯ ಮುಂಬಾಗಿಲ ಚಿಲಕಕ್ಕೆ ಬೆನ್ನು ಕೊಟ್ಟು ನಿಂತಿದ್ದ. ಸೊಸೆಯ ಜೋತ ಕೈ ನೋಡಿದ, ಇನ್ನೊಂದು ಕೈಯ ಕೋಲು ನೋಡಿದ.

"ಅವ್ನು?"

"ಬದ್ಕವ್ನೆ ಮಾವ. ಪಕ್ಕಕ್ಕೆ ಬನ್ನಿ."

"ಮುಖ ತೊಳ್ಕ ಮಗಾ. ಹಿಂಗೇ ಬೀದಿಗೆ ಓದ್ರೆ ಮನೆ ಮರ್ವಾದಿ..."

"ಪಕ್ಕಕ್ಕೆ ಬನ್ನಿ."

ಮುದುಕ ಸರಿದ. ಅವನ ಕಣ್ಣಲ್ಲಿ ನೀರಿತ್ತು; ಯಾರಿಗಾಗಿ ಎಂದು ಕೇಳುವ ತಾಳ್ಮೆ ಅವಳಿಗಿರಲಿಲ್ಲ. ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಚಿಲಕ ತೆಗೆದಳು.

ಬಾಗಿಲಲ್ಲಿ ಗುರುಬಸಮ್ಮ, ಹಿಂದೆ ಎದುರುಮನೆಯ ಇಬ್ಬರು ಹೆಂಗಸರು, ಆಟೋದ ಕಾಂತರಾಜು. ಗುರುಬಸಮ್ಮನ ಕೈ ಮೆಣಸಿನಕಾಯಿ ತೊಟ್ಟು ಬಿಡಿಸಿ ಕೆಂಪಾಗಿತ್ತು. ಆಕೆ ಹೇಮಲತಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಯಾರ್ದು ಮಗಾ ರಕ್ತ?"

"ಇಬ್ರುದೂ."

ಗುರುಬಸಮ್ಮ ತನ್ನ ಸೆರಗು ಹರಿದು, ಮುರಿದ ಕೈಯನ್ನು ಕುತ್ತಿಗೆಗೆ ತೂಗುಹಾಕಿ ಕಟ್ಟಿದಳು. "ಕಾಂತರಾಜ, ಇನ್ನೊಂದು ಗಾಡಿ ಕರ್ಸಿ ಒಳಗಿರೋನ್ನ ಆಸ್ಪತ್ರೆಗೆ ಸಾಗ್ಸು. ಇವ್ಳನ್ನ ನಿನ್ ಆಟೋಲಿ ಕೂರ್ಸ್ಕ."

"ನಾನೂ ಆಸ್ಪತ್ರೆಗಾ?" ಎಂದಳು ಹೇಮಲತಾ.

"ಮೊದ್ಲು ಅಲ್ಲಿಗೆ. ಕೈ ಕಟ್ಟುಸ್ಕಂಡು ಸ್ಟೇಶನ್‌ಗೆ. ಅವ್ನೂ ಬರ್ಸ್ತಾನೆ ಕಂಪ್ಲೇಂಟು, ನೀ ಹೊಡುದ್ದೆ ಅಂತ."

"ಹೊಡೆದಿವ್ನಿ. ಮೂರನೇದು ಬೇಕಾಗಿರ್ಲಿಲ್ಲ, ಅದ್ನೂ ಹೊಡೆದೆ. ಹಂಗೇ ಹೇಳ್ತೀನಿ."

"ಹೇಳು. ಎಲ್ಲಾನೂ ಹೇಳು. ನಾ ಕಂಡದ್ದ ನಾನ್ ಹೇಳ್ತೀನಿ."

ಆಟೋ ಹತ್ತುವಾಗ ಕೋಲು ಅಡ್ಡವಾಯಿತು. ಕಾಂತರಾಜು ಅದನ್ನು ತೆಗೆದುಕೊಳ್ಳಲು ಕೈ ಚಾಚಿದ. ಅವಳು ಕೊಡಲಿಲ್ಲ. ಒಂದು ತುದಿ ಹೊರಗೆ ಚಾಚಿಕೊಂಡಿರಲು, ಇನ್ನೊಂದು ತುದಿಯನ್ನು ತೊಡೆಯ ಮೇಲಿಟ್ಟು ಒತ್ತಿ ಹಿಡಿದಳು. ಬೀದಿಯುದ್ದಕ್ಕೂ ಬಾಗಿಲುಗಳಲ್ಲಿ ಜನ ನಿಂತಿದ್ದರು. ಪಕ್ಕದಲ್ಲಿ ಕೂತ ಗುರುಬಸಮ್ಮ ಪರದೆ ಇಳಿಬಿಡಲು ಹೋದಳು.

"ಬ್ಯಾಡಿ ಅಮ್ಮ" ಎಂದಳು ಹೇಮಲತಾ. "ಕಾಣ್ಲಿ."